ಒಂದು ಕಾಳು ಜಾಗ

ಬೀಗದ ಕೈ ಮೀಟರ್ ಪೆಟ್ಟಿಗೆಯ ಮೇಲಿದೆ.
ನೋಟ್‌ಬುಕ್ಕು ಯುಪಿಎಸ್ ಹಿಂದೆ, ರಬ್ಬರ್ ಬ್ಯಾಂಡು ಸುತ್ತಿಕೊಂಡು.
ಬರೆದದ್ದು ನಾನಲ್ಲ, ಗಂಗಿರೆಡ್ಡಿ.
ಕಮಾಂಡುಗಳನ್ನೆಲ್ಲ ಕನ್ನಡದ ಅಕ್ಷರದಲ್ಲಿ ಕೂರಿಸಿದ ಮನುಷ್ಯ:
ಟೇಲ್, ಹೈಫನ್, ಎಫ್.
ಪಕ್ಕದಲ್ಲಿ, ‘ಬಾಲ ಹಿಡಿದು ಸುಮ್ಮನೆ ಕೂರು, ಲಾಗು ತಾನೇ ಬಾಯಿಬಿಡುತ್ತೆ.’
ಗ್ರೆಪ್, ಹೈಫನ್, ಐ.
‘ದೊಡ್ಡಕ್ಷರ ಸಣ್ಣಕ್ಷರ ಅಂತ ಜಾತಿ ಕೇಳಬೇಡ.’

ಜಾಗ ಬಿಡಬೇಕಾದಲ್ಲಿ ಕೆಂಪು ಶಾಯಿಯ ಚುಕ್ಕೆ.
ಒಂದು ಕಾಳು ಜಾಗ, ಅನ್ನುತ್ತಿದ್ದರು,
ರಾಗಿಕಾಳಷ್ಟು.
ಅದು ಬೀಳಬಾರದ ಕಡೆ ಬಿದ್ದರೆ
ಒಂದು ಫೈಲು ಅಳಿಸಲು ಹೋದವಳು
ಇಡೀ ಮಾರ್ಕೆಟ್ಟನ್ನೇ ಗುಡಿಸಿ ಬರ್ತೀಯ.

ನಾನು ನಕ್ಕಿದ್ದೆ. ಡಿಪ್ಲೊಮಾ ಬಿಸಿಯಾಗಿತ್ತು.

ಶಿಡ್ಲಘಟ್ಟದವಳು ನಾನು, ನೂಲು ಬಿಚ್ಚುವವರ ಮನೆ.
ಅಮ್ಮೀಯ ಬೆರಳ ತುದಿಗಳು ಕುದಿನೀರಲ್ಲಿ ಬೆಂದು ಬೆಳ್ಳಗೆ;
ಎಳೆಯ ತುದಿ ಸಿಗುವ ತನಕ ಆಕೆ ಯಾರೊಂದಿಗೂ ಮಾತಾಡಳು.
ಸಿಕ್ಕಿತೋ, ಬೋಗುಣಿಯಿಂದ ಕಣ್ಣಿಗೆ,
ಕಣ್ಣಿನಿಂದ ಚರಕಕ್ಕೆ,
ನಡುವೆ ಎಲ್ಲೂ ನೆಲ ಮುಟ್ಟದೆ ಹರಿಯುವ ನೂಲು.
ಪೈಪು ಎಂದರೇನೆಂದು ಮೇಷ್ಟ್ರು ಕೇಳಿದಾಗ
ಕೈಯೆತ್ತಿದವಳು ನಾನೊಬ್ಬಳೇ.

ಇದೆಲ್ಲ ನಿಮಗೆ ಬೇಕಿಲ್ಲ. ಬೇಕಾದ್ದು ಆ ಬುಧವಾರ.

ಒಂಬತ್ತೂಕಾಲು. ನಲವತ್ತೊಂದನೇ ಲಾಟಿನಲ್ಲಿ ಬೋರ್ಡು ನಿಂತಿತು.
ಹಜಾರದ ತುಂಬ ಕನ್ನಡದ, ತೆಲುಗಿನ, ದಖನಿಯ ಬೈಗುಳ.
ಗೂಡು ಕಾಯುವುದಿಲ್ಲ;
ಒಳಗಿನ ಹುಳ ತನ್ನ ದಿನ ತಾನು ಎಣಿಸುತ್ತಿರುತ್ತದೆ.
ರೆಕ್ಕೆ ಬಂದರೆ ತೂತು, ತೂತಾದರೆ ಬೆಲೆಯಿಲ್ಲ.
ಡಿ ಎಫ್ ಹೊಡೆದೆ: ಡಿಸ್ಕು ನೂರಕ್ಕೆ ನೂರು.
ಲಾಗೊಂದು ಊದಿಕೊಂಡು ಮಲಗಿತ್ತು.
ಅಳಿಸಿದೆ.
ಮತ್ತೆ ಹೊಡೆದೆ.
ನೂರಕ್ಕೆ ನೂರು.

ನೋಟ್‌ಬುಕ್ಕಿನ ಆ ಪುಟವನ್ನು ಬೆಳ್ಳಿಹುಳ ತಿಂದಿತ್ತು.
ಓಡಿದೆ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ.
ಕಾಂಟ್ರಾಕ್ಟು ಮುಂದುವರಿಸದ ಮೇಲೆ ಗಂಗಿರೆಡ್ಡಿ ಕೂತದ್ದು ಅಲ್ಲಿ.
ಯಾರದೋ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತ
ತಲೆ ಎತ್ತದೆ ಅಂದರು:

ಅಳಿಸಬಾರದಿತ್ತಮ್ಮ ಮುಬೀನಾ, ಬರಿದು ಮಾಡಬೇಕಿತ್ತು.
ತೂಕದ ಪ್ರೋಗ್ರಾಮು ಅದನ್ನ ಇನ್ನೂ ಹಿಡ್ಕೊಂಡಿದೆ.
ಹೆಸರು ಹೋಗಿದೆ, ಭಾರ ಹೋಗಿಲ್ಲ.
ಹಿಡಿದ ಕೈ ಬಿಡಿಸು, ಹೋಗು.
ಆಮೇಲೆ ಆ ಗಿರಾಕಿಗೆ: ಇಪ್ಪತ್ತು ರೂಪಾಯಿ, ಚಿಲ್ಲರೆ ಕೊಡಿ.

ಬಿಡಿಸಿದೆ. ನಲವತ್ತೆರಡನೇ ಲಾಟು ಕೂಗಿತು.
ಯಾರೂ ನನಗೆ ಒಂದು ಟೀ ಕೂಡ ಕೊಡಿಸಲಿಲ್ಲ.

ಇನ್ನೊಂದು ವಿಷಯ. ಯಾವ ಫೈಲಿನಲ್ಲೂ ಬರೆದಿಲ್ಲ.
ಪ್ರತಿ ರಾತ್ರಿ ಎರಡು ಹತ್ತಕ್ಕೆ
ಈ ಯಂತ್ರದೊಳಗೆ ಗಂಗಿರೆಡ್ಡಿ ಎದ್ದು ಬರುತ್ತಾರೆ.
ಕ್ರಾನ್ ಅವರ ಹೆಸರಲ್ಲೇ ಕರೆಯುತ್ತದೆ;
ಆ ದಿನದ ತೂಕ, ದರ, ರೈತರ ಹೆಸರು
ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಹೊತ್ತು ಹಾಕಿ
ಮೂರು ನಿಮಿಷದಲ್ಲಿ ಹೋಗಿಬಿಡುತ್ತಾರೆ.
ಸಂಬಳವಿಲ್ಲ. ಅವರಿಗೆ ನೆನಪಿದೆಯೋ ಇಲ್ಲವೋ, ಕೇಳಿಲ್ಲ.
ಹಳೆಯ ಖಾತೆಗಳನ್ನು ತೆಗೆಯಿರಿ ಎಂದು
ಮೇಲಿನಿಂದ ಮೂರು ಸಲ ಪತ್ರ ಬಂತು.
‘ಪರಿಶೀಲನೆಯಲ್ಲಿದೆ’ ಎಂದು ಮೂರು ಸಲ ಬರೆದೆ.

ಮೂವತ್ತೊಂದಕ್ಕೆ ನನ್ನದೂ ಮುಗಿಯುತ್ತದೆ.
ನೀಲಿ ಶಾಯಿಯ ಪುಟಗಳು ನನ್ನವು, ಚುಕ್ಕೆಗಳು ಮಾತ್ರ ಕೆಂಪು;
ಅದಕ್ಕೆಂದೇ ಬೇರೆ ಪೆನ್ನು ಕೊಂಡೆ.
ತಿಂದುಹೋದ ಪುಟವನ್ನು ಮತ್ತೆ ಬರೆದಿದ್ದೇನೆ.
ಅಳಿಸುವ ಮುನ್ನ ಆರ್ ಎಮ್ ಇರುವಲ್ಲಿ ಎಲ್ ಎಸ್ ಇಟ್ಟು
ಏನೇನು ಸಾಯಲಿದೆ ಎಂದು ಒಮ್ಮೆ ಓದಿಕೊಳ್ಳಿ.

ನನ್ನ ಖಾತೆಯನ್ನೂ ತೆಗೆಯಿರಿ ಅನ್ನುತ್ತಾರೆ.
ತೆಗೆಯಿರಿ, ಬೇಜಾರಿಲ್ಲ.
ಆದರೆ ಬೆಳಗಿನ ಐದೂಮುಕ್ಕಾಲಿಗೆ
ತಕ್ಕಡಿಗಳನ್ನು ಸೊನ್ನೆಗೆ ತರುವುದು ಯಾರು ಎಂದು
ಮೊದಲು ನೋಡಿ.